ರಿಗ್ ಕಮ್ಮಿ, ಎಣ್ಣೆ ಜಾಸ್ತಿ: ಅಮೆರಿಕದ ಶೇಲ್ ಲೆಕ್ಕ ಯಾರಿಗಾದ್ರೂ ಅರ್ಥ ಆಗಿದ್ಯಾ?

ಚಳ್ಳಕೆರೆ_ಹುಡುಗ:
ಎಲ್ಲರಿಗೂ ನಮಸ್ಕಾರ. ಎಂಸಿಎಕ್ಸ್‌ನಲ್ಲಿ (ಸರಕುಗಳ ವಾಯಿದೆ ಪೇಟೆ) ನ್ಯಾಚುರಲ್ ಗ್ಯಾಸ್ ಮಿನಿ ಆಡಿ ಕೈ ಸುಟ್ಟುಕೊಂಡವರಲ್ಲಿ ನಾನೂ ಒಬ್ಬ. ಶುಕ್ರವಾರ ರಾತ್ರಿ ಬೇಕರ್ ಹ್ಯೂಸ್ ಕಂಪನಿ ಅಮೆರಿಕದ ರಿಗ್‌ಗಳ (ಬಾವಿ ಕೊರೆಯೋ ಯಂತ್ರ) ಎಣಿಕೆ ಬಿಡುತ್ತಲ್ಲ, ಅದನ್ನ ನೋಡ್ಕೊಂಡೇ ಮಲಗೋದು. ನನ್ನ ಲೆಕ್ಕ ಸರಳ ಇತ್ತು: ಕೊರೆಯೋರು ಕಮ್ಮಿಯಾದ್ರೆ ಮಾಲು ಕಮ್ಮಿ, ಮಾಲು ಕಮ್ಮಿಯಾದ್ರೆ ರೇಟು ಮೇಲೆ. ಆದದ್ದೇ ಬೇರೆ. 2022ರ ಕೊನೆಗೆ ಅಮೆರಿಕದಲ್ಲಿ ಎಣ್ಣೆಗೆ ಕೊರೆಯುತ್ತಿದ್ದ ರಿಗ್ ಸುಮಾರು 620. ಎರಡು ವರ್ಷ ಕಳೆದಾಗ 480ರ ಆಸುಪಾಸು. ಉತ್ಪಾದನೆ ನೋಡಿದ್ರೆ 2022ರಲ್ಲಿ ದಿನಕ್ಕೆ ಸರಾಸರಿ 1.19 ಕೋಟಿ ಬ್ಯಾರೆಲ್ ಇದ್ದದ್ದು 2024ರಲ್ಲಿ 1.32 ಕೋಟಿ! ಗ್ಯಾಸ್ ಕಥೆಯೂ ಹೆಚ್ಚುಕಮ್ಮಿ ಇದೇ. ಎಣ್ಣೆ ನಗರಿಯವನಾಗಿ (ನಮ್ಮದು ಕಡಲೆಕಾಯಿ ಎಣ್ಣೆ, ಆದ್ರೂ) ಗಾಣ ಕಮ್ಮಿ ಮಾಡಿ ಎಣ್ಣೆ ಜಾಸ್ತಿ ತೆಗೆಯೋ ವಿದ್ಯೆ ನಾನಂತೂ ಕಂಡಿಲ್ಲ. ಈ ಶೇಲ್ (ಬಿಗಿ ಪದರಗಲ್ಲು) ಎಣ್ಣೆಯ ಲೆಕ್ಕ ತಿಳಿದವರು ಬಿಡಿಸಿ ಹೇಳಿ.

ಬೋರ್‌ವೆಲ್_ಗೌಡ:
ಅಣ್ಣಾ, ನಾನು ಕೋಲಾರದ ಕಡೆ ಹದಿನೆಂಟು ವರ್ಷದಿಂದ ಬೋರ್ ಹಾಕಿಸ್ತಿದೀನಿ. ತಿರುಚೆಂಗೋಡು ಲಾರಿಗಳ ಜೊತೆನೇ ಜೀವನ. ನಮ್ಮ ಕಡೆ ಒಂದು ಲಾರಿ ರಾತ್ರಿ ಬಂದ್ರೆ ಬೆಳಿಗ್ಗೆ ಹೊತ್ಗೆ ಸಾವಿರದ ಇನ್ನೂರು ಅಡಿ. ನೀರು ಬಂತೋ ಇಲ್ವೋ ಅದು ಬೇರೆ ಮಾತು. ಅಲ್ಲಿ ರಿಗ್ ಅಂದ್ರೆ ಎಷ್ಟು ದೊಡ್ದು, ಎಷ್ಟು ದಿನ ನಿಲ್ತದೆ? ಅದು ಗೊತ್ತಾಗದೆ ರಿಗ್ ಎಣಿಸಿ ಏನ್ ಉಪಯೋಗ?

ಮಿಡ್ಲ್ಯಾಂಡ್_ಮಂಜು:
ಗೌಡ್ರೇ, ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ. ನಾನು ಪಶ್ಚಿಮ ಟೆಕ್ಸಸ್‌ನ ಮಿಡ್ಲ್ಯಾಂಡ್‌ನಲ್ಲಿದ್ದೇನೆ, ಊರು ಶಿವಮೊಗ್ಗ. ಕೊರೆದ ಮೇಲೆ ಬಾವಿ ಒಡೆದು (ಅಂದ್ರೆ ಒತ್ತಡದ ನೀರು ಬಿಟ್ಟು ಒಳಗಿನ ಕಲ್ಲು ಸೀಳಿ) ಎಣ್ಣೆ ಹರಿಸೋ ವಿಭಾಗ ನನ್ನದು. ಇಲ್ಲಿ ಅದಕ್ಕೆ ಕಂಪ್ಲೀಷನ್ ಅಂತಾರೆ.

ನೀವು ಹಾಕೋದು ನೇರ ಕೆಳಕ್ಕೆ. ಇಲ್ಲಿ ಎಂಟೊಂಬತ್ತು ಸಾವಿರ ಅಡಿ ಕೆಳಗಿಳಿದು ಅಲ್ಲಿಂದ ಅಡ್ಡಕ್ಕೆ ತಿರುಗ್ತಾರೆ. ಆ ಅಡ್ಡ ಕೊಳವೆಯೇ ಬಾವಿಯ ಜೀವ. 2010ರಲ್ಲಿ ನಮ್ಮ ಪರ್ಮಿಯನ್ ಸೀಮೆಯಲ್ಲಿ (ಪಶ್ಚಿಮ ಟೆಕ್ಸಸ್, ನ್ಯೂ ಮೆಕ್ಸಿಕೊ) ಅದರ ಸರಾಸರಿ ಉದ್ದ 4,000 ಅಡಿಗೂ ಕಮ್ಮಿ. 2022ರ ಹೊತ್ತಿಗೆ 10,000 ಅಡಿ ದಾಟಿತ್ತು, ಅಂದ್ರೆ ಮೂರು ಕಿಲೋಮೀಟರ್. ಈಗ ಮೂರು ಮೈಲಿಯದ್ದೂ ಕೊರೀತಾರೆ. ಜಮೀನು ಮೋಟಾಗಿದ್ದರೆ ಕೊಳವೆಯನ್ನ ಲಾಳದ ಆಕಾರಕ್ಕೆ ಬಗ್ಗಿಸಿ ವಾಪಸ್ ತರೋದೂ ಉಂಟು. ನಾನು ಮೊದಲ ಸಲ ನಕ್ಷೆಯಲ್ಲಿ ನೋಡಿದಾಗ ಪ್ರಿಂಟ್ ತಪ್ಪಿದೆ ಅಂದ್ಕೊಂಡಿದ್ದೆ.

ಎರಡನೇದು, ರಿಗ್ ಬಿಚ್ಚಿ ಕಟ್ಟೋ ಕೆಲಸವೇ ತಪ್ಪಿದೆ. ಒಂದೇ ಅಂಗಳದಲ್ಲಿ ಆರೋ ಎಂಟೋ ಬಾವಿ. ಒಂದು ಮುಗಿದ ಕೂಡಲೇ ರಿಗ್ ನಿಂತ ಹಾಗೇ ಹೈಡ್ರಾಲಿಕ್ ಕಾಲಿನ ಮೇಲೆ ಹತ್ತಾರು ಅಡಿ ನಡ್ಕೊಂಡು ಹೋಗಿ ಮುಂದಿನದ್ದು ಶುರು ಮಾಡುತ್ತೆ. ಮೂರನೇದು ಮರಳು. ಬಿರುಕು ಮುಚ್ಚಿಕೊಳ್ಳದಂತೆ ಒಳಗೆ ತುಂಬೋ ಮರಳು ಮೊದಲು ವಿಸ್ಕಾನ್ಸಿನ್‌ನಿಂದ ರೈಲಲ್ಲಿ ಬರ್ತಿತ್ತು. 2017ರಿಂದ ಇಲ್ಲೇ ಕರ್ಮಿಟ್, ಮೊನಹಾನ್ಸ್ ಊರುಗಳ ಮರಳುದಿಬ್ಬದಿಂದಲೇ ಬರುತ್ತೆ. ಸಾಗಣೆ ಖರ್ಚು ಉಳಿದದ್ದೇ ತಡ, ಎಲ್ಲರೂ ಬಾವಿಗೆ ಮೊದಲಿಗಿಂತ ಜಾಸ್ತಿ ಮರಳು ತುಂಬತೊಡಗಿದರು.

ಹಾಗಾಗಿ 2014ರ ಒಂದು ರಿಗ್ಗೂ 2024ರ ಒಂದು ರಿಗ್ಗೂ ಹೋಲಿಸೋದು ಎತ್ತಿನ ಗಾಡಿ ಲೆಕ್ಕದಲ್ಲಿ ಲಾರಿ ಎಣಿಸಿದ ಹಾಗೆ.

ಅರೆಬರೆ_ಜ್ಞಾನಿ:
ಆದರೆ ಶೇಲ್ ಎಣ್ಣೆ ಅಂದ್ರೆ ಕಲ್ಲನ್ನ ಅಗೆದು ಕಾಯಿಸಿ ತೆಗೆಯೋದಲ್ವಾ? ಅದು ದುಬಾರಿ, ಪರಿಸರಕ್ಕೆ ಕೆಟ್ಟದ್ದು ಅಂತ ಎಲ್ಲೋ ಓದಿದ್ದೆ.

ಧಾರವಾಡದಾಕಿ:
ಅದು ಬ್ಯಾರೆ ಇದು ಬ್ಯಾರೆ ರೀ. ಇಪ್ಪತ್ತು ವರ್ಷ ಭೂವಿಜ್ಞಾನ ಕಲಿಸಿದಾಕಿ ನಾನು, ಈ ಗೊಂದಲ ಪ್ರತಿ ಬ್ಯಾಚಿನ್ಯಾಗೂ ಬರ್ತದ. ಕೊಲೊರಾಡೊ, ಯೂಟಾ, ವಯೋಮಿಂಗ್ ಕಡೆ ಗ್ರೀನ್ ರಿವರ್ ಅಂತ ಶಿಲಾಪದರ ಅದ. ಅದರೊಳಗ ಇರೂದು ಇನ್ನೂ ಎಣ್ಣೆ ಆಗದ ಕೆರೊಜೆನ್. ಹಿಟ್ಟು ಅದ, ರೊಟ್ಟಿ ಬೆಂದಿಲ್ಲ. ಅದನ್ನ ಕಾಸಿ ಎಣ್ಣಿ ಮಾಡಬೇಕು. ಇಲ್ಲಿ ಮಾತಾಡ್ತಿರೂದು ಭೂಮಿ ತಾನೇ ಬೇಯಿಸಿದ ಎಣ್ಣಿ, ಕಲ್ಲಿನ ಸಣ್ಣ ಸಣ್ಣ ರಂಧ್ರದಾಗ ಸಿಕ್ಕೊಂಡು ಕುಂತಿದ್ದು. ಒತ್ತಡದ ನೀರು ಬಿಟ್ಟು ಕಲ್ಲು ಸೀಳಿದ್ರ ಹೊರಗ ಬರ್ತದ.

ಬೇಯೂದು ಅಂದ್ರ ಆಳದ ಲೆಕ್ಕ. ದಕ್ಷಿಣ ಟೆಕ್ಸಸ್‌ನ ಈಗಲ್ ಫೋರ್ಡ್ ನಕ್ಷೆ ನೋಡ್ರಿ, ಪಟ್ಟೆಪಟ್ಟೆ ಇಳಕಲ್ ಸೀರಿ ಹಂಗ ಅದ. ವಾಯವ್ಯಕ್ಕ ಆಳ ಕಡಿಮಿ, ಅಲ್ಲಿ ಎಣ್ಣಿ. ನಡುವ ಕಂಡೆನ್ಸೇಟ್, ಅಂದ್ರ ಗ್ಯಾಸ್ ಜೋಡಿ ಬರೂ ಭಾಳ ತೆಳು ಎಣ್ಣಿ. ಆಗ್ನೇಯಕ್ಕ ಇಳಿದಂಗ ಬರೇ ಗ್ಯಾಸ್. ಒಂದೇ ಕಲ್ಲು, ಒಂದೇ ಹೆಸರು, ಮೂರು ಥರದ ಮಾಲು. ಅದಕ್ಕ "ಪ್ರದೇಶದ ಸರಾಸರಿ" ಅಂತ ಯಾರರೆ ಹೇಳಿದ್ರ ನಾ ಮೊದಲು ಕೇಳೂದು: ಯಾವ ಪಟ್ಟೆ?

ಲೆಕ್ಕಿಗ:
ಮಂಜು ಅವರು ಹೇಳಿದ್ದೆಲ್ಲ ನಿಜ, ಆದರೆ ಅರ್ಧ ಮಾತ್ರ. ಅಮೆರಿಕದ ಇಂಧನ ಮಾಹಿತಿ ಸಂಸ್ಥೆ (ಇಐಎ) 2013ರ ಅಕ್ಟೋಬರಿನಿಂದ ತಿಂಗಳಿಗೊಂದು ಕೊರೆತ ಉತ್ಪಾದಕತೆ ವರದಿ ತರುತ್ತಿತ್ತು. ಕೊನೆಗೆ ಅದರಲ್ಲಿ ಏಳು ಸೀಮೆಗಳಿದ್ದವು: ಪರ್ಮಿಯನ್, ಬಾಕೆನ್, ಈಗಲ್ ಫೋರ್ಡ್, ನಯೋಬ್ರಾರಾ, ಅನಡಾರ್ಕೊ, ಅಪಲೇಚಿಯಾ, ಹೇನ್ಸ್‌ವಿಲ್. 2024ರ ಮಧ್ಯದಲ್ಲಿ ಪ್ರತ್ಯೇಕ ವರದಿ ನಿಲ್ಲಿಸಿ ಅಂಕಿಗಳನ್ನು ತಮ್ಮ ಅಲ್ಪಾವಧಿ ಮುನ್ನೋಟಕ್ಕೆ ಸೇರಿಸಿದರು. ಅದರಲ್ಲಿ ಎಲ್ಲರೂ ಎತ್ತಿ ಹೇಳುತ್ತಿದ್ದ ಅಂಕಿ "ಪ್ರತಿ ರಿಗ್‌ಗೆ ಹೊಸ ಬಾವಿಯ ಉತ್ಪಾದನೆ". ಬಹುಮಂದಿ ಮೋಸ ಹೋದದ್ದೂ ಅಲ್ಲೇ.

ಕಲ್ಪನೆಯ ಲೆಕ್ಕ ಒಂದು ಮಾಡಿ. ಒಂದು ಸೀಮೆಯಲ್ಲಿ 10 ರಿಗ್. ತಿಂಗಳಿಗೆ 20 ಬಾವಿ ಹರಿಯತೊಡಗುತ್ತವೆ, ಒಂದೊಂದೂ 500 ಬ್ಯಾರೆಲ್. ಒಟ್ಟು 10,000, ರಿಗ್‌ಗೆ 1,000. ಬೆಲೆ ಬಿತ್ತು, 5 ರಿಗ್ ಮನೆಗೆ ಹೋದವು. ಆದರೆ ಹಿಂದೆ ಕೊರೆದು ಒಡೆಯದೆ ಬಿಟ್ಟ 10 ಬಾವಿ ಇವೆ, ಅವನ್ನೂ ಒಡೆದರು. ಮತ್ತೆ 20 ಬಾವಿ, 10,000 ಬ್ಯಾರೆಲ್. ಈಗ 5 ರಿಗ್‌ನಿಂದ ಭಾಗಿಸಿ: ರಿಗ್‌ಗೆ 2,000! ಕಲ್ಲು ಅದೇ, ಬಾವಿ ಅದೇ, ಉತ್ಪಾದಕತೆ ಮಾತ್ರ ಕಾಗದದ ಮೇಲೆ ದುಪ್ಪಟ್ಟು.

ಆ ಒಡೆಯದ ಬಾವಿಗಳನ್ನು ಇಂಗ್ಲಿಷ್ ಮೊದಲಕ್ಷರ ಕೂಡಿಸಿ "ಡಕ್" ಅನ್ನುತ್ತಾರೆ, ಬಾತುಕೋಳಿ. 2020ರ ಮಧ್ಯದಲ್ಲಿ 8 ಸಾವಿರ ದಾಟಿದ್ದ ಬಾತುಕೋಳಿಗಳು ಎರಡು ವರ್ಷದಲ್ಲಿ ಅರ್ಧಕ್ಕಿಳಿದವು. 2020ರ ಏಪ್ರಿಲ್ 20ರಂದು ಡಬ್ಲ್ಯುಟಿಐ (ಅಮೆರಿಕದ ಮಾನದಂಡ ದರ) ಕಚ್ಚಾತೈಲ ಬ್ಯಾರೆಲ್‌ಗೆ ಮೈನಸ್ 37.63 ಡಾಲರಿಗೆ ಮುಗಿಯಿತು. ಆಗಸ್ಟಿನಲ್ಲಿ ಎಣ್ಣೆ ರಿಗ್ 172ಕ್ಕೆ ಕುಸಿದಿತ್ತು. ಆಮೇಲಿನ "ಉತ್ಪಾದಕತೆಯ ಜಿಗಿತ"ದಲ್ಲಿ ಕೊರೆತದ ಜಾಣತನಕ್ಕಿಂತ ಗೋಡೌನ್ ಖಾಲಿ ಮಾಡಿದ್ದೇ ಹೆಚ್ಚು. ರಿಗ್ ಸಂಖ್ಯೆ ದಿಢೀರ್ ಏರಿಳಿದಾಗ ಈ ಅಂಕಿ ಅಸ್ಥಿರವಾಗುತ್ತದೆ ಅಂತ ಇಐಎಯೇ ಎಚ್ಚರಿಸಿತ್ತು. ಸಣ್ಣ ಅಕ್ಷರದಲ್ಲಿರುವುದನ್ನು ಓದುವ ವ್ಯವಧಾನ ಯಾರಿಗಿದೆ?

ಮಿಡ್ಲ್ಯಾಂಡ್_ಮಂಜು:
ಲೆಕ್ಕಿಗ ಸರ್, ಒಪ್ಪಿದೆ. ಒಳಗಿನವನಾಗಿ ಇನ್ನೊಂದು ಸೇರಿಸ್ತೀನಿ. ನಾವು ಕಚೇರಿಯಲ್ಲಿ ರಿಗ್ ಲೆಕ್ಕ ನೋಡೋದೇ ಇಲ್ಲ, ಅಡ್ಡ ಕೊಳವೆಯ ಪ್ರತಿ ಸಾವಿರ ಅಡಿಗೆ ಎಷ್ಟು ಬಂತು ಅಂತ ನೋಡೋದು. ಆ ಲೆಕ್ಕದಲ್ಲಿ ಪರ್ಮಿಯನ್ ಸುಮಾರು ವರ್ಷಗಳಿಂದ ಏರ್ತಾ ಇಲ್ಲ. ಕೆಲವು ಕಡೆ ಇಳಿದಿದೆ. ಬಾವಿ ದೊಡ್ಡದಾಗಿರೋದು ಕೊಳವೆ ಉದ್ದವಾಗಿದ್ದಕ್ಕೆ.

ಇಳಿಯೋಕೆ ದೊಡ್ಡ ಕಾರಣ ತಾಯಿ-ಮಗು ಬಾವಿಗಳ ಜಗಳ. ಮೊದಲು ಒಂದು ಬಾವಿ ಕೊರೆದು ನಾಲ್ಕು ವರ್ಷ ಎಣ್ಣೆ ತೆಗೆದಿರ್ತಾರೆ, ಅದು ತಾಯಿ. ಸುತ್ತಲಿನ ಕಲ್ಲಿನ ಒತ್ತಡ ಇಳಿದಿರುತ್ತೆ. ಪಕ್ಕದಲ್ಲಿ ಇನ್ನೊಂದು ಕೊರೆದು ಒಡೆದರೆ ಬಿರುಕು ಹೊಸ ಕಲ್ಲಿನ ಕಡೆ ಹೋಗಲ್ಲ, ಒತ್ತಡ ಕಮ್ಮಿ ಇರೋ ತಾಯಿಯ ಕಡೆಗೇ ಓಡುತ್ತೆ. ಮಗುವಿಗೂ ಹಾಲಿಲ್ಲ, ಎಷ್ಟೋ ಸಲ ತಾಯಿ ಬಾವಿಗೂ ಮರಳು ನೀರು ನುಗ್ಗಿ ಪೆಟ್ಟು. ಒಕ್ಲಹೋಮದ ಸ್ಕೂಪ್, ಸ್ಟ್ಯಾಕ್ ಅನ್ನೋ ಜಾಗಗಳಿಗೆ 2016-17ರಲ್ಲಿ ಮುಂದಿನ ಪರ್ಮಿಯನ್ ಅಂತ ಪಟ್ಟ ಕಟ್ಟಿದ್ದರು. ಬಾವಿಗಳನ್ನ ಒತ್ತೊತ್ತಾಗಿ ಕೊರೆದ ಮೇಲೆ ಗಾಳಿ ಹೋದ ಬಲೂನ್.

ಬೋರ್‌ವೆಲ್_ಗೌಡ:
ಇದು ನಮ್ದೇ ಕಥೆ ಕಣಣ್ಣ! ಒಬ್ರ ತೋಟದಲ್ಲಿ ಮೂರಿಂಚು ನೀರು ಬಂತು ಅಂದ್ರೆ ಸಾಕು, ವಾರದೊಳಗೆ ಬೇಲಿ ಆಚೆ ಇನ್ನೊಂದು ಲಾರಿ. ಇಬ್ರಿಗೂ ಒಂದೊಂದಿಂಚು, ಬೇಸಿಗೆ ಹೊತ್ಗೆ ಇಬ್ರಿಗೂ ಬರೀ ಗಾಳಿ. ಅಲ್ಲಿ ಕಂಪನಿ ಒಂದೇ ಇದ್ರೂ ಹಿಂಗೆ ಮಾಡ್ತಾರಾ?

ಮಿಡ್ಲ್ಯಾಂಡ್_ಮಂಜು:
ಮಾಡ್ತಾರೆ ಗೌಡ್ರೇ, ಗುತ್ತಿಗೆ ಕಾರಣಕ್ಕೆ. ಇಲ್ಲಿ ನೆಲದಡಿಯ ಎಣ್ಣೆ ಖಾಸಗಿಯವರ ಸ್ವತ್ತಾಗಬಹುದು, ಸರಕಾರದ್ದೇ ಆಗಬೇಕಿಲ್ಲ. ಗುತ್ತಿಗೆ ಅವಧಿಯೊಳಗೆ ಒಂದು ಬಾವಿಯಾದರೂ ಹರಿಸದಿದ್ದರೆ ಹಕ್ಕು ಕೈತಪ್ಪುತ್ತೆ. ಅದಕ್ಕೆ ಎಲ್ಲ ಕಡೆ ಒಂದೊಂದು ತಾಯಿ ಬಾವಿ ಕೊರೆದು ಜಾಗ ಹಿಡಿದರು, ಮಕ್ಕಳನ್ನ ಆಮೇಲೆ ಹೆತ್ತರು. 2024ರ ಮೇನಲ್ಲಿ ಎಕ್ಸಾನ್‌ಮೊಬಿಲ್ ಸುಮಾರು 6,000 ಕೋಟಿ ಡಾಲರಿಗೆ ಪಯನೀರ್ ಕಂಪನಿಯನ್ನ ಕೊಂಡಿದ್ದರ ಒಂದು ಕಾರಣ ಇದೇ. ಅಕ್ಕಪಕ್ಕದ ತುಂಡು ಜಮೀನು ಒಂದಾದರೆ ಉದ್ದ ಕೊಳವೆ ಹಾಕಬಹುದು, ಎಲ್ಲ ಬಾವಿಗಳನ್ನ ಒಟ್ಟಿಗೇ ಒಡೀಬಹುದು.

ಚಳ್ಳಕೆರೆ_ಹುಡುಗ:
ಎಣ್ಣೆ ಅರ್ಥ ಆಯ್ತು. ನನ್ನ ದುಡ್ಡು ಹೋಗಿದ್ದು ಗ್ಯಾಸ್‌ನಲ್ಲಿ ಸ್ವಾಮಿ. 2024ರಲ್ಲಿ ಹೆನ್ರಿ ಹಬ್ (ಅಮೆರಿಕದ ಗ್ಯಾಸ್‌ಗೆ ಮಾನದಂಡದ ದರ) ಸರಾಸರಿ 2.2 ಡಾಲರ್ ಹತ್ತಿರ. ಗ್ಯಾಸ್ ರಿಗ್ ಇಳೀತಾನೇ ಇತ್ತು. ಬೆಲೆ ಯಾಕೆ ಏಳಲಿಲ್ಲ?

ಮಿಡ್ಲ್ಯಾಂಡ್_ಮಂಜು:
ಯಾಕಂದ್ರೆ ನೀವು ಎಣಿಸಿದ್ದು ಗ್ಯಾಸ್ ರಿಗ್ ಮಾತ್ರ. ಪರ್ಮಿಯನ್‌ನಲ್ಲಿ ಎಣ್ಣೆಗೆ ಅಂತ ಕೊರೆದ ಬಾವಿಯಲ್ಲಿ ಗ್ಯಾಸ್ ತಾನಾಗೇ ಬರುತ್ತೆ, ಬಾವಿ ಹಳತಾದಷ್ಟೂ ಎಣ್ಣೆಗೆ ಹೋಲಿಸಿದ್ರೆ ಅದರ ಪಾಲು ಜಾಸ್ತಿ. ಹಾಲಿಗೆ ಅಂತ ಹಸು ಸಾಕಿದವನು ಸಗಣಿ ರೇಟು ಬಿತ್ತು ಅಂತ ಹಸು ಮಾರ್ತಾನಾ? ಇಲ್ಲಿನ ವಾಹಾ ಅನ್ನೋ ಕೇಂದ್ರದಲ್ಲಿ 2024ರಲ್ಲಿ ಎಷ್ಟೋ ದಿನ ಗ್ಯಾಸ್ ಬೆಲೆ ಸೊನ್ನೆಗಿಂತ ಕೆಳಗೆ. ಅಂದ್ರೆ ಮಾರೋನೇ ದುಡ್ಡು ಕೊಟ್ಟು "ತಗೊಂಡ್ಹೋಗಿ" ಅನ್ನೋ ಸ್ಥಿತಿ. ಕೊರೆತ ನಿಲ್ಲಲಿಲ್ಲ, ಎಣ್ಣೆ ದುಡ್ಡು ತರ್ತಿತ್ತಲ್ಲ. ಆ ವರ್ಷದ ಕೊನೆಯ ಹೊತ್ತಿಗೆ ಮ್ಯಾಟರ್‌ಹಾರ್ನ್ ಎಕ್ಸ್‌ಪ್ರೆಸ್ ಅನ್ನೋ ಹೊಸ ಪೈಪ್‌ಲೈನ್ ಶುರುವಾದ ಮೇಲೆ ಸ್ವಲ್ಪ ಉಸಿರು ಬಂತು.

ಗ್ಯಾಸ್‌ಗೆ ಅಂತಲೇ ಕೊರೆಯೋ ಮುಖ್ಯ ಸೀಮೆ ಎರಡು, ಎರಡರ ಸ್ವಭಾವ ತದ್ವಿರುದ್ಧ. ಅಪಲೇಚಿಯಾದಲ್ಲಿ (ಪೆನ್ಸಿಲ್ವೇನಿಯಾ, ವೆಸ್ಟ್ ವರ್ಜೀನಿಯಾ, ಒಹಾಯೊ) ಮಾರ್ಸೆಲಸ್ ಪದರ 4,000ದಿಂದ 8,500 ಅಡಿಯೊಳಗೇ ಸಿಗುತ್ತೆ. ಅಗ್ಗದ ಬಾವಿ, ಚಿನ್ನದಂಥ ಕಲ್ಲು. ಆದರೆ ಹೊರಗೆ ಕಳಿಸೋಕೆ ಸಾಕಷ್ಟು ದಾರಿ ಇಲ್ಲ. ಕಾನ್‌ಸ್ಟಿಟ್ಯೂಷನ್ ಪೈಪ್‌ಲೈನ್, ಅಟ್ಲಾಂಟಿಕ್ ಕೋಸ್ಟ್ ಪೈಪ್‌ಲೈನ್ ಎರಡೂ 2020ರಲ್ಲಿ ರದ್ದು. ಮೌಂಟೇನ್ ವ್ಯಾಲಿ ಪೈಪ್‌ಲೈನ್, ಬರೀ 303 ಮೈಲಿ, ಕೋರ್ಟು ಕಚೇರಿ ಅಲೆದು 2024ರ ಜೂನ್‌ನಲ್ಲಿ ಹರಿಯಿತು. ಇಂಥ ಕಡೆ ಉತ್ಪಾದಕತೆ ಏರಿದರೆ ಉತ್ಪಾದನೆ ಏರಲ್ಲ, ಬರೀ ರಿಗ್ ಕಮ್ಮಿಯಾಗುತ್ತೆ. ಪೈಪಿನ ಬಾಯಿ ಇರೋದೇ ಅಷ್ಟು.

ಲೂಸಿಯಾನ-ಟೆಕ್ಸಸ್ ಗಡಿಯ ಹೇನ್ಸ್‌ವಿಲ್ ಇನ್ನೊಂದು ಥರ. ಆಳ 10,500ರಿಂದ 13,500 ಅಡಿ, ಒಳಗೆ ಕೆಂಡದಂಥ ಬಿಸಿ, ಭಾರೀ ಒತ್ತಡ, ಬಾವಿಗೆ ದುಬಾರಿ ಖರ್ಚು. ಬಾವಿ ಬಿರುಸಾಗಿ ಹರಿದು ಅಷ್ಟೇ ಬಿರುಸಾಗಿ ಇಳಿಯುತ್ತೆ. ಆದರೆ ಮೆಕ್ಸಿಕೊ ಕೊಲ್ಲಿ ತೀರದ ಎಲ್‌ಎನ್‌ಜಿ ಟರ್ಮಿನಲ್‌ಗಳು (ಗ್ಯಾಸನ್ನ ತಣಿಸಿ ದ್ರವ ಮಾಡಿ ಹಡಗಿಗೆ ತುಂಬೋ ಜಾಗ) ಹಿತ್ತಲಲ್ಲೇ ಇವೆ. ಬೆಲೆ ಬಿದ್ದರೆ ಮೊದಲು ಕೈ ಕಟ್ಟಿ ಕೂರೋರು ಇವರೇ, ಎದ್ದರೆ ಮೊದಲು ಓಡಿ ಬರೋರೂ ಇವರೇ. ಗ್ಯಾಸ್ ಆಡೋರು ರಿಗ್ ಎಣಿಸಲೇಬೇಕು ಅಂದ್ರೆ ಹೇನ್ಸ್‌ವಿಲ್ ರಿಗ್ ಎಣಿಸಿ.

ಕುಡ್ಲದ_ಕಡಲು:
ಈ ಎಲ್‌ಎನ್‌ಜಿಗೂ ನಮಗೂ ಸಂಬಂಧ ಉಂಟು ಮಾರಾಯ್ರೆ. ಲೂಸಿಯಾನದ ಸಬೀನ್ ಪಾಸ್‌ನಿಂದ 2016ರ ಫೆಬ್ರವರಿಯಲ್ಲಿ ಮೊದಲ ಶೇಲ್ ಗ್ಯಾಸ್ ಹಡಗು ಹೊರಟದ್ದು. ನಮ್ಮ ಸರಕಾರಿ ಗ್ಯಾಸ್ ಕಂಪನಿ ಗೇಲ್ ಅಲ್ಲಿಂದ ವರ್ಷಕ್ಕೆ 35 ಲಕ್ಷ ಟನ್‌ಗೆ ದೀರ್ಘಾವಧಿ ಒಪ್ಪಂದ ಮಾಡಿಕೊಂಡಿತ್ತು. ಮೊದಲ ಹಡಗು 2018ರ ಮಾರ್ಚ್ ಕೊನೆಗೆ ಮಹಾರಾಷ್ಟ್ರದ ದಾಭೋಲ್‌ಗೆ ಬಂತು. ದಾಭೋಲ್‌ನಿಂದ ಬೆಳಗಾವಿ, ಧಾರವಾಡ, ದಾವಣಗೆರೆ, ತುಮಕೂರು ಕಡೆ ಹಾದು ಬೆಂಗಳೂರಿಗೆ ಗೇಲ್‌ನದ್ದೇ ಪೈಪ್‌ಲೈನ್ ಉಂಟಲ್ಲ. ಪೈಪಿನೊಳಗೆ ಯಾವ ದೇಶದ ಗ್ಯಾಸ್ ಅಂತ ಬಣ್ಣ ಬಳಿದಿರುವುದಿಲ್ಲ, ಅಮೆರಿಕದ ಹಡಗುಗಳಲ್ಲಿ ಎಷ್ಟನ್ನೋ ಗೇಲ್ ಬೇರೆಯವರಿಗೆ ಮಾರಿದ್ದೂ ಉಂಟು. ಆದರೆ ಒಪ್ಪಂದದ ದರ ಹೆನ್ರಿ ಹಬ್ ಬೆಲೆಯ ಶೇ. 115ರ ಮೇಲೆ ಒಂದು ನಿಗದಿತ ಶುಲ್ಕ. ಹಾಗಾಗಿ ಚಳ್ಳಕೆರೆಯವರಿಗೆ ನಷ್ಟ ಮಾಡಿದ ಅದೇ ಅಗ್ಗದ ಬೆಲೆ ಕೊಳ್ಳುವವರಿಗೆ ಅನುಕೂಲ.

ನಾನು ರಿಫೈನರಿಯಲ್ಲಿ ಕೆಲಸ ಮಾಡುವವ, ಇನ್ನೊಂದು ಮಾತು. ಶೇಲ್ ಎಣ್ಣೆ ತೆಳು, ಗಂಧಕ ಕಮ್ಮಿ. ಅಮೆರಿಕದ ಕೊಲ್ಲಿ ತೀರದ ಎಷ್ಟೋ ರಿಫೈನರಿಗಳು ದಪ್ಪ ಎಣ್ಣೆಗೆ ಅಂತ ಕಟ್ಟಿದವು. ಅದಕ್ಕೇ ತಮ್ಮ ತೆಳು ಎಣ್ಣೆ ಹೊರಗೆ ಮಾರಿ ದಪ್ಪದ್ದು ತರಿಸುವುದು. 2015ರ ಡಿಸೆಂಬರಿನಲ್ಲಿ ರಫ್ತು ನಿಷೇಧ ತೆಗೆದರು, 2017ರ ಅಕ್ಟೋಬರಿನಲ್ಲಿ ಒಡಿಶಾದ ಪಾರಾದೀಪಕ್ಕೆ ಅಮೆರಿಕದ ಕಚ್ಚಾತೈಲದ ಹಡಗು ಬಂತು.

ಚವಳಿಕಾಯಿ_ರೈತ:
ಎಲ್ಲಾರೂ ದೊಡ್ಡ ದೊಡ್ಡ ಮಾತು ಹೇಳಾಕತ್ತೀರಿ, ನಂದೊಂದು ಸಣ್ಣದು. 2012ರಾಗ ಚವಳಿಕಾಯಿ ಬೀಜಕ್ಕ (ಗೋರಿಕಾಯಿ ಅಂತೀರಲ್ಲ ನೀವು, ಅದ) ಚಿನ್ನದ ರೇಟ್ ಬಂದಿತ್ತು ನೆನಪದ ಏನ್ರಿ? ಆ ಬೀಜದ ಅಂಟು ಹಾಕಿದ್ರ ನೀರು ಮಂದ ಆಗಿ ಮರಳು ಹೊತ್ಕೊಂಡು ಬಾವ್ಯಾಗ ಹೋಗ್ತದಂತ, ಅದಕ್ಕ ಅಮೆರಿಕಾದವ್ರು ರಾಜಸ್ಥಾನದ ಪೂರ್ತಿ ಮಾಲು ಎತ್ತಾಕತ್ತಿದ್ರು. ವಾಯಿದಾ ಪೇಟ್ಯಾಗ ವ್ಯವಹಾರನ ಬಂದ್ ಮಾಡಿದ್ರು ಆಗ. ನಮ್ಮೂರಿಗೂ ಒಬ್ಬ ಏಜೆಂಟ ಬಂದು ಬೀಜ ಕೊಟ್ಟು, ವಾಪಸ್ ತಗೋತೀನಿ ಅಂದಿದ್ದ. ಬೆಳಿ ಬರೂದ್ರಾಗ ರೇಟೂ ಇಲ್ಲ, ಏಜೆಂಟನೂ ಇಲ್ಲ. ಎಳೀಕಾಯಿ ಇದ್ದಾಗ ಪಲ್ಯರ ಮಾಡಿ ತಿಂತಿದ್ವಿ.

ಮಿಡ್ಲ್ಯಾಂಡ್_ಮಂಜು:
ಅಣ್ಣಾ, ನಿಮ್ಮ ರೇಟು ಬೀಳಿಸಿದ್ರಲ್ಲಿ ನಮ್ಮ ವಿಭಾಗದ ಪಾಲೂ ಇದೆ, ಕ್ಷಮೆ ಇರಲಿ. ಅಂಟಿನ ಬದಲು ಪಾಲಿಮರ್ ಹಾಕಿ ಜಾರು ಮಾಡಿದ ತೆಳು ನೀರನ್ನೇ ಜೋರಾಗಿ ನುಗ್ಗಿಸೋ ವಿಧಾನ ಎಲ್ಲ ಕಡೆ ಹರಡಿತು. 1990ರ ದಶಕದ ಕೊನೆಗೆ ಫೋರ್ಟ್ ವರ್ತ್ ಬಳಿಯ ಬಾರ್ನೆಟ್ ಶೇಲ್‌ನಲ್ಲಿ ಜಾರ್ಜ್ ಮಿಚೆಲ್ ಅವರ ಕಂಪನಿ ಖರ್ಚು ಉಳಿಸೋಕೆ ಅಂತ ಮಾಡಿದ ಪ್ರಯೋಗ ಅದು. ಶೇಲ್ ಯುಗ ಶುರುವಾಗಿದ್ದೇ ಅಲ್ಲಿಂದ. ಆದ್ರೆ ಇಐಎಯ ಆ ಏಳು ಸೀಮೆಗಳ ಪಟ್ಟಿಯಲ್ಲಿ ಬಾರ್ನೆಟ್‌ಗೆ ಜಾಗವೇ ಇರಲಿಲ್ಲ.

ಧಾರವಾಡದಾಕಿ:
ನೀರಿನ ಮಾತು ಯಾರೂ ಎತ್ತಲಿಲ್ಲ. ಪರ್ಮಿಯನ್ನಿನ್ಯಾಗ ಒಂದು ಬ್ಯಾರೆಲ್ ಎಣ್ಣಿ ಜೋಡಿ ಹಲವು ಬ್ಯಾರೆಲ್ ಉಪ್ಪುನೀರು ಬರ್ತದ, ಡೆಲವೇರ್ ಭಾಗದಾಗಂತೂ ಮೂರು ನಾಲ್ಕು ಪಟ್ಟು. ಅದನ್ನ ಮತ್ತ ನೆಲದೊಳಗ ಆಳಕ್ಕ ಒತ್ತತಾರ. ಹಳೇ ಸ್ತರಭಂಗದ (ನೆಲದೊಳಗಿನ ಕಲ್ಲಿನ ದೊಡ್ಡ ಬಿರುಕು) ಮ್ಯಾಲೆ ಒತ್ತಡ ಬಿದ್ದು ನೆಲ ನಡುಗ್ತದ. ಒಕ್ಲಹೋಮದ ಪಾನಿ ಅನ್ನೂ ಊರಾಗ 2016ರ ಸೆಪ್ಟೆಂಬರಿನ್ಯಾಗ 5.8ರ ಭೂಕಂಪ ಆತು. ಪಶ್ಚಿಮ ಟೆಕ್ಸಸ್‌ನ್ಯಾಗ 2022ರ ನವೆಂಬರಿನ್ಯಾಗ 5.4. ಮಿಡ್ಲ್ಯಾಂಡ್ ಹತ್ರನ ಕೆಲವು ಆಳದ ಬಾವಿಗಳಿಗೆ ನೀರು ಬಿಡೂದನ್ನ ಅಲ್ಲಿನ ನಿಯಂತ್ರಕರು 2021ರ ಡಿಸೆಂಬರಿನ್ಯಾಗ ನಿಲ್ಲಿಸಿದ್ರು. ನೀರು ಇಡಾಕ ಜಾಗ ಇಲ್ಲಂದ್ರ ಎಣ್ಣಿ ತಗಿಯೂದೂ ನಿಲ್ತದ. ಕಲ್ಲಿನ ಉತ್ಪಾದಕತೆ ಒಳಗ ಈ ನೀರಿನ ಲೆಕ್ಕ ಯಾರು ಹಿಡೀತಾರ್ರಿ?

ಮಿಡ್ಲ್ಯಾಂಡ್_ಮಂಜು:
ಮೇಡಂ, ಇಲ್ಲಿ ಎಷ್ಟೋ ಜನ ತಮಾಷೆಗೆ ಹೇಳ್ತಾರೆ: ನಾವು ನೀರಿನ ಕಂಪನಿ, ಎಣ್ಣೆ ಸೈಡ್ ಬಿಸಿನೆಸ್. ಆ ನಡುಕ ನನ್ನ ಮನೆಯಲ್ಲೂ ಗೊತ್ತಾಗಿತ್ತು, ಅಡುಗೆಮನೆ ಡಬ್ಬಿಗಳೆಲ್ಲ ಗಲಗಲ.

ಲೆಕ್ಕಿಗ:
ನಾರ್ತ್ ಡಕೋಟದ ಬಾಕೆನ್ ಸೀಮೆಯ ಬಗ್ಗೆ ಹೇಳದೆ ಮುಗಿಸಲಾರೆ, ಪರ್ಮಿಯನ್ನಿನ ಭವಿಷ್ಯ ಅಲ್ಲಿ ಕಾಣುತ್ತದೆ ಅನ್ನುವುದು ನನ್ನ ಅನುಮಾನ. 2012ರಲ್ಲಿ ಆ ರಾಜ್ಯ ಎಣ್ಣೆ ಉತ್ಪಾದನೆಯಲ್ಲಿ ಅಲಾಸ್ಕಾವನ್ನು ಹಿಂದೆ ಹಾಕಿ ಟೆಕ್ಸಸ್ ನಂತರದ ಸ್ಥಾನಕ್ಕೆ ಬಂತು. ವಿಲಿಸ್ಟನ್ ಊರಲ್ಲಿ ಮಲಗಲು ಮನೆ ಸಿಗದೆ ಜನ ಕಾರಿನಲ್ಲಿ, ಕಂಟೇನರಿನಲ್ಲಿ ಮೈನಸ್ 30ರ ಚಳಿಗಾಲ ಕಳೆದರು. 2019ರ ಕೊನೆಗೆ ದಿನಕ್ಕೆ 15 ಲಕ್ಷ ಬ್ಯಾರೆಲ್ ಮುಟ್ಟಿತು. ಆ ಎತ್ತರವನ್ನು ಮತ್ತೆ ಕಂಡಿಲ್ಲ, 2021ರಲ್ಲಿ ನ್ಯೂ ಮೆಕ್ಸಿಕೊ ಅದನ್ನು ದಾಟಿತು. ಕಾರಣ ಸೀದಾ: ಬಾಕೆನ್‌ನ ಒಳ್ಳೆಯ ಕಲ್ಲು ನಾಲ್ಕು ಕೌಂಟಿಗಳಲ್ಲಿದೆ, ಅಲ್ಲೆಲ್ಲ ಕೊರೆದಾಗಿದೆ. ಈಗ ಅಂಚಿನ ಜಾಗಕ್ಕೆ ಹೋಗಿ ಮೂರು, ನಾಲ್ಕು ಮೈಲಿ ಕೊಳವೆ ಹಾಕಿ ಹಳೆಯ ಇಳುವರಿ ಹೊಂದಿಸುತ್ತಿದ್ದಾರೆ.

ಶೇಲ್ ಬಾವಿ ಮೊದಲ ವರ್ಷದಲ್ಲೇ ಶೇ. 60-70ರಷ್ಟು ಇಳಿಯುತ್ತದೆ. ಇಐಎ ವರದಿಯಲ್ಲಿ ರಿಗ್ ಅಂಕಿಯ ಪಕ್ಕದಲ್ಲೇ "ಹಳೆ ಬಾವಿಗಳ ಇಳಿಕೆ" ಅಂತ ಇನ್ನೊಂದು ಅಂಕಣ ಇತ್ತು. ಅದರ ಕೊನೆಯ ವರ್ಷಗಳಲ್ಲಿ ಪರ್ಮಿಯನ್ ಒಂದರಲ್ಲೇ ತಿಂಗಳಿಂದ ತಿಂಗಳಿಗೆ ದಿನಕ್ಕೆ 3 ಲಕ್ಷ ಬ್ಯಾರೆಲ್‌ಗೂ ಮೇಲೆ ಇಳಿಕೆ. ಭಾರತ ಪೂರ್ತಿ ದಿನಕ್ಕೆ ತೆಗೆಯುವ ಕಚ್ಚಾತೈಲ 6 ಲಕ್ಷದ ಆಸುಪಾಸು. ಅಂದರೆ ಪರ್ಮಿಯನ್ ಇದ್ದಲ್ಲೇ ಇರಬೇಕಾದರೂ ಎರಡು ತಿಂಗಳಿಗೊಂದು ಭಾರತದಷ್ಟು ಹೊಸ ಎಣ್ಣೆ ಹುಟ್ಟಿಸಬೇಕು.

ಮಿಡ್ಲ್ಯಾಂಡ್_ಮಂಜು:
ಸರ್, "ಶೇಲ್ ಮುಗೀತು" ಅಂತ ನಾನು ಇಲ್ಲಿಗೆ ಬಂದಾಗಿನಿಂದ ಕೇಳ್ತಿದ್ದೇನೆ. ಪರ್ಮಿಯನ್ ಬಾಕೆನ್ ಅಲ್ಲ. ವುಲ್ಫ್‌ಕ್ಯಾಂಪ್, ಬೋನ್ ಸ್ಪ್ರಿಂಗ್, ಸ್ಪ್ರಾಬೆರಿ ಅಂತ ದೋಸೆ ಪೇರಿಸಿದ ಹಾಗೆ ಪದರದ ಮೇಲೆ ಪದರ ಇದೆ. 2024ರಲ್ಲಿ ದಿನಕ್ಕೆ 60 ಲಕ್ಷ ಬ್ಯಾರೆಲ್ ದಾಟಿದೆ, ಭಾರತ ದಿನಕ್ಕೆ ಬಳಸೋದಕ್ಕಿಂತ ಜಾಸ್ತಿ. ಆದರೆ ಮೇಲಿನ ಒಳ್ಳೇ ದೋಸೆ ತಿಂದಾಗಿದೆ ಅನ್ನೋದು ಒಪ್ಪಿಕೊಳ್ತೀನಿ.

ಚಳ್ಳಕೆರೆ_ಹುಡುಗ:
ಸರಿ, ಹಾಗಾದ್ರೆ ಶುಕ್ರವಾರ ರಾತ್ರಿ ನಾನೇನು ನೋಡ್ಲಿ? ಮಲಗಿಬಿಡ್ಲಾ?

ಲೆಕ್ಕಿಗ:
ಒಟ್ಟು ರಿಗ್ ಬಿಡಿ. ಹೇನ್ಸ್‌ವಿಲ್ ರಿಗ್ ಒಂದು, ಎಲ್‌ಎನ್‌ಜಿ ಟರ್ಮಿನಲ್‌ಗಳಿಗೆ ದಿನವೂ ಹೋಗುವ ಗ್ಯಾಸ್ ಒಂದು, ಇಐಎ ಗುರುವಾರ ಬಿಡುವ ಗ್ಯಾಸ್ ದಾಸ್ತಾನು ಅಂಕಿ ಒಂದು. ರಿಗ್ ಇಂದು ಇಳಿದರೆ ಅದರ ಪರಿಣಾಮ ಬಾವಿಯ ಬಾಯಿಗೆ ಬರಲು ಕೆಲವು ತಿಂಗಳು ಹಿಡಿಯುತ್ತದೆ, ನಿಮ್ಮ ಕಾಂಟ್ರಾಕ್ಟ್ ಮುಗಿಯುವುದು ತಿಂಗಳ ಕೊನೆಗೆ.

ಚಳ್ಳಕೆರೆ_ಹುಡುಗ:
ಈ ಕೊನೇ ಸಾಲು ಎರಡು ವರ್ಷ ಮುಂಚೆ ಹೇಳಿದ್ರೆ ಒಂದು ಬೈಕ್ ಉಳೀತಿತ್ತು ಸರ್.

ಬೋರ್‌ವೆಲ್_ಗೌಡ:
ಮಂಜಣ್ಣ, ಆ ರಿಗ್ ನಡೆಯೋ ವಿಡಿಯೋ ಇದ್ರೆ ಹಾಕಿ. ನಾಳೆ ಮುಳಬಾಗಿಲಲ್ಲಿ ಪಾಯಿಂಟ್ ಐತೆ, ಲಾರಿ ಹುಡುಗ್ರಿಗೆ ತೋರಿಸ್ಬೇಕು.